ಬೆಂಗಳೂರಿನಲ್ಲಿ ಭಾಭಾ

ಹೋಮಿ ಭಾಭಾ ಅವರ ಹೆಸರನ್ನು ಕೇಳಿದೊಡನೆ ಎಲ್ಲರ ಕಣ್ಣೆದುರಿಗೆ ಬರುವುದು ಮುಂಬಯಿಯ ಟ್ರಾಂಬೆ, ಅಲ್ಲಿಯ ರಿಯಾಕ್ಟರಿನ ಗುಮ್ಮಟ, ಭಾರತದ ಪರಮಾಣು ಶಕ್ತಿಯ ಮಹಾಯೋಜನೆ. ಅದು ಸಹಜವೇ. ಆದರೆ ಆ ಕಾರ್ಯಕ್ಕೆ ಕೈಹಾಕುವ ಮೊದಲು ಅವರು ಕಾಗದ, ಪೆನ್ಸಿಲು ಮತ್ತು ಗಣಿತ ಇಷ್ಟನ್ನೇ ನೆಚ್ಚಿಕೊಂಡು ದುಡಿದ ವಿಜ್ಞಾನಿಯಾಗಿದ್ದರು. ಆ ದುಡಿಮೆಯ ಒಂದು ಮುಖ್ಯ ಭಾಗ ನಡೆದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಅಲ್ಲಿದ್ದುಕೊಂಡು ಅವರು, ಪರಮಾಣುವಿನ ಬೀಜದಲ್ಲಿರುವ ಪ್ರೋಟಾನಿನ ವಿಷಯವಾಗಿ ಅದುವರೆಗೆ ಯಾರೂ ಕಂಡಿರದ ಸಂಗತಿಯೊಂದನ್ನು ಲೆಕ್ಕದ ಬಲದಿಂದಲೇ ಹೇಳಿದರು. ಅದು ನಿಜವೆಂದು ಗೊತ್ತಾಗಲು ಹನ್ನೆರಡು ವರ್ಷಗಳು ಬೇಕಾದುವು. ಅಷ್ಟು ಹೊತ್ತಿಗೆ ಭಾಭಾ ಆ ದಾರಿಯನ್ನು ಬಿಟ್ಟು ಬೇರೊಂದು ದಾರಿಯಲ್ಲಿ ಬಹುದೂರ ಸಾಗಿದ್ದರು.

ಭಾಭಾ ಮನೆತನಕ್ಕೂ ಮೈಸೂರು ಸಂಸ್ಥಾನಕ್ಕೂ ಹಳೆಯ ನಂಟು. ತಾತ ಹೊರ್ಮುಸ್‌ಜಿ ಭಾಭಾ ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಅವರ ಮಗ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಇಂಗ್ಲೆಂಡಿನಲ್ಲಿ ಕಾನೂನು ಓದಿ ಬಂದು, ಕೆಲಕಾಲ ಸಂಸ್ಥಾನದ ನ್ಯಾಯ ಇಲಾಖೆಯಲ್ಲಿದ್ದು, ಅನಂತರ ಮುಂಬಯಿಗೆ ಹೋಗಿ ನೆಲೆಸಿದರು. ಮಗಳು ಮೆಹರ್‌ಬಾಯಿ ಜಮ್‌ಶೇಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿ ಅವರ ಕೈಹಿಡಿದರು. ಜಹಾಂಗೀರ್ ಅವರಿಗೆ 1909ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಹುಟ್ಟಿದ ಮಗನೇ ಹೋಮಿ. ಜಮ್‌ಶೇಟ್‌ಜಿಯವರು ಕನಸು ಕಂಡಿದ್ದ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಕೊಟ್ಟ ನೆಲದ ಮೇಲೆ ಸ್ಥಾಪನೆಯಾದದ್ದೂ ಅದೇ 1909ರಲ್ಲಿ. ಮೂವತ್ತು ವರ್ಷಗಳ ಅನಂತರ ಆ ಸಂಸ್ಥೆಯೇ ಈ ಮಗುವಿಗೆ ಆಶ್ರಯವಾಗಲಿತ್ತು.

ಸುಸಂಸ್ಕೃತವಾದ ಶ್ರೀಮಂತ ಮನೆತನ. ತಾತನೂ ತಂದೆಯೂ ಕೂಡಿಸಿದ್ದ ದೊಡ್ಡ ಪುಸ್ತಕ ಭಂಡಾರ. ಬಂಧುಗಳ ಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ಫಲಕಗಳು. ಹುಡುಗನಿಗೆ ಓದು, ಸಂಗೀತ, ಚಿತ್ರಕಲೆ ಮೂರರಲ್ಲಿಯೂ ಸಮಾನವಾದ ಆಸಕ್ತಿ ಬೆಳೆಯಿತು. ಕೊನೆಯವರೆಗೂ ಅವರು ಈ ಮೂರರಲ್ಲಿ ಯಾವುದನ್ನೂ ಕೈಬಿಡಲಿಲ್ಲ. ಹದಿನಾರು ತುಂಬುವ ವೇಳೆಗೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಕುರಿತ ಗ್ರಂಥಗಳನ್ನು ಅವರು ಓದಿದ್ದರು. ಕ್ಯಾಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಇವುಗಳಲ್ಲಿ ವ್ಯಾಸಂಗ ಮುಗಿಸಿ 1927ರಲ್ಲಿ ಕೇಂಬ್ರಿಡ್ಜಿನ ಗಾನ್ವಿಲ್ ಅಂಡ್ ಕೀಸ್ ಕಾಲೇಜನ್ನು ಸೇರಿದರು.

ಸೇರಿದ್ದು ಎಂಜಿನಿಯರಿಂಗ್ ಓದಲೆಂದು. ಮಗ ಎಂಜಿನಿಯರಾಗಿ ಹಿಂದಿರುಗಿ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ಹೊಣೆ ಹೊರಬೇಕೆಂಬುದು ತಂದೆಯ ಮತ್ತು ದೊರಾಬ್‌ಜಿಯವರ ಆಸೆ. ಆದರೆ ಅದು ಭೌತವಿಜ್ಞಾನದಲ್ಲಿ ಹೊಸಗಾಳಿ ಬೀಸುತ್ತಿದ್ದ ಕಾಲ. ಪರಮಾಣುವಿನ ಒಳಗೆ ಹಳೆಯ ನಿಯಮಗಳು ನಡೆಯುವುದಿಲ್ಲವೆಂದೂ ಅಲ್ಲಿ ಕ್ವಾಂಟಂ ನಿಯಮಗಳದೇ ಆಳ್ವಿಕೆಯೆಂದೂ ಗೊತ್ತಾಗಿತ್ತು. ಆ ಹೊಸ ಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಪಾಲ್ ಡಿರಾಕ್ ಕೇಂಬ್ರಿಡ್ಜಿನಲ್ಲೇ ಇದ್ದರು. ಮರುವರ್ಷ ಹೋಮಿ ತಂದೆಗೆ ಒಂದು ದೀರ್ಘ ಪತ್ರ ಬರೆದು, ಕಾರ್ಖಾನೆಯ ಕೆಲಸ ತಮ್ಮ ಸ್ವಭಾವಕ್ಕೆ ಒಗ್ಗದೆಂದೂ, ಭೌತವಿಜ್ಞಾನವನ್ನು ಬಿಟ್ಟು ಬೇರೆ ಯಾವುದರಲ್ಲೂ ತಮ್ಮಿಂದ ದೊಡ್ಡ ಕೆಲಸ ಆಗಲಾರದೆಂದೂ ತಿಳಿಸಿದರು. ವಿನಯವೂ ಹಟವೂ ಸಮವಾಗಿ ಬೆರೆತ ಪತ್ರ ಅದು. ತಂದೆ ಕೋಪಗೊಳ್ಳಲಿಲ್ಲ, ಸುಲಭವಾಗಿ ಒಪ್ಪಲೂ ಇಲ್ಲ. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರೆ ಮುಂದೆ ಗಣಿತದ ವ್ಯಾಸಂಗಕ್ಕೆ ಹಣ ಒದಗಿಸುವುದಾಗಿ ಕರಾರು ಮಾಡಿದರು. ಮಗ 1930ರಲ್ಲಿ ಪ್ರಥಮ ದರ್ಜೆಯನ್ನು ಪಡೆದರು. ತಂದೆ ಮಾತನ್ನು ನಡೆಸಿಕೊಟ್ಟರು. 1932ರಲ್ಲಿ ಗಣಿತದ ಪರೀಕ್ಷೆಯಲ್ಲಿಯೂ ಪ್ರಥಮ ದರ್ಜೆಯೇ ಬಂದಿತು. ಕಲಿತ ಎಂಜಿನಿಯರಿಂಗ್ ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ. ಮುಂದೆ ರಿಯಾಕ್ಟರುಗಳನ್ನು ಕಟ್ಟಿಸುವಾಗ ಅದು ನೆರವಿಗೆ ಬಂದಿತು.

ಅಲ್ಲಿಂದ ಏಳು ವರ್ಷ ಭಾಭಾ ಯೂರೋಪಿನ ಹೆಸರಾಂತ ವಿದ್ಯಾಕೇಂದ್ರಗಳಲ್ಲಿ ಸುತ್ತಿದರು. ಜ್ಯೂರಿಚ್‌ನಲ್ಲಿ ಪೌಲಿ ಅವರ ಬಳಿ, ರೋಮಿನಲ್ಲಿ ಎನ್ರಿಕೋ ಫರ್ಮಿ ಅವರ ಬಳಿ ಕೆಲಸ ಮಾಡಿದರು. ಎಲೆಕ್ಟ್ರಾನೂ ಅದರ ಪ್ರತಿರೂಪವಾದ ಪಾಸಿಟ್ರಾನೂ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಹೇಗೆ ಚದುರುತ್ತವೆಂಬುದನ್ನು ಅವರು ಲೆಕ್ಕ ಹಾಕಿದರು. ಆ ಚದುರಿಕೆಗೆ ಇಂದಿಗೂ ಭಾಭಾ ಅವರ ಹೆಸರೇ ಇದೆ. 1937ರಲ್ಲಿ ವಾಲ್ಟರ್ ಹೈಟ್ಲರ್ ಅವರೊಡನೆ ಸೇರಿ, ಹೊರ ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲವನ್ನು ಹೊಕ್ಕು ಕಣಗಳ ಮಳೆಯನ್ನೇ ಸುರಿಸುವ ಬಗೆಯನ್ನು ವಿವರಿಸಿದರು. ಅದರಿಂದ ಅವರ ಕೀರ್ತಿ ಎಲ್ಲೆಡೆಯೂ ಹರಡಿತು.

1939ರಲ್ಲಿ ಅವರು ರಜೆಗೆಂದು ಭಾರತಕ್ಕೆ ಬಂದರು. ಹಿಂದಿರುಗಿ ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವುದೆಂದು ಏರ್ಪಾಡಾಗಿತ್ತು. ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಹೋಗುವ ದಾರಿ ಮುಚ್ಚಿತು. ಗೆಳೆಯರೆಲ್ಲ ಅಲ್ಲಿ, ತಾವೊಬ್ಬರೇ ಇಲ್ಲಿ. ಮಾಡುತ್ತಿದ್ದ ಕೆಲಸವನ್ನು ಮಾತನಾಡಿ ತೂಗಿನೋಡಲು ಸಮಾನರು ಸಿಗುವುದೇ ಕಷ್ಟ. ಇಂಥ ಹೊತ್ತಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರಿಗೆ ರೀಡರ್ ಹುದ್ದೆ ದೊರಕಿತು. ಅದಕ್ಕೆ ಬೇಕಾದ ಹಣವನ್ನು ದೊರಾಬ್‌ಜಿ ಟಾಟಾ ದತ್ತಿ ಒದಗಿಸಿತು. ಭೌತವಿಜ್ಞಾನ ವಿಭಾಗದ ಮುಖ್ಯಸ್ಥರು ಸರ್ ಸಿ. ವಿ. ರಾಮನ್. ಹೆಚ್ಚು ಮಂದಿಯನ್ನು ಹೊಗಳುವ ಸ್ವಭಾವ ರಾಮನ್ ಅವರದಲ್ಲ. ಆದರೂ ವಿಜ್ಞಾನ, ಕಲೆ, ಸಂಗೀತ ಎಲ್ಲದರಲ್ಲಿಯೂ ಪಳಗಿದ ಈ ತರುಣನನ್ನು ಅವರು 1941ರಲ್ಲಿ ನಾಗಪುರದ ವಿದ್ವತ್ಸಭೆಯೊಂದರಲ್ಲಿ ಲಿಯೊನಾರ್ಡೊ ಡಾ ವಿಂಚಿಗೆ ಹೋಲಿಸಿದರು. ಭಾಭಾ ರಾಮನ್ ಅವರ ರೇಖಾಚಿತ್ರವೊಂದನ್ನು ಬರೆದಿದ್ದಾರೆ.

ಭಾಭಾ ಬೆಂಗಳೂರಿಗೆ ಬರುವಾಗ ಒಂದು ತೊಡಕಾದ ಪ್ರಶ್ನೆಯನ್ನು ಜೊತೆಯಲ್ಲಿಯೇ ತಂದಿದ್ದರು. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪರಮಾಣುವಿನ ನಡುವೆ ಇರುವ ಬೀಜದಲ್ಲಿ ಪ್ರೋಟಾನು, ನ್ಯೂಟ್ರಾನು ಎಂಬ ಎರಡು ಬಗೆಯ ಭಾರವಾದ ಕಣಗಳಿವೆ. ಪ್ರೋಟಾನಿಗೆ ಒಂದು ಮಾನ ಧನ ವಿದ್ಯುದಾವೇಶವಿದೆ, ನ್ಯೂಟ್ರಾನಿಗೆ ಆವೇಶವಿಲ್ಲ. ಉಳಿದಂತೆ ಎರಡೂ ಅಣ್ಣತಮ್ಮಂದಿರಂತೆ ಹೋಲುವುದರಿಂದ ಎರಡನ್ನೂ ನ್ಯೂಕ್ಲಿಯಾನ್ ಎಂಬ ಒಂದೇ ಮನೆತನದ ಹೆಸರಿನಿಂದ ಕರೆಯುತ್ತಾರೆ. ಇವು ಬೀಜದಲ್ಲಿ ಅಷ್ಟು ಬಿಗಿಯಾಗಿ ಅಂಟಿಕೊಂಡಿರುವುದು ಹೇಗೆ? ಜಪಾನಿನ ಯುಕಾವಾ 1935ರಲ್ಲಿ ಇದಕ್ಕೆ ಉತ್ತರ ಸೂಚಿಸಿದ್ದರು. ನ್ಯೂಕ್ಲಿಯಾನುಗಳು ಇನ್ನೊಂದು ಹಗುರವಾದ ಕಣವನ್ನು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುತ್ತಿರುತ್ತವೆ. ಆ ವಿನಿಮಯವೇ ಅವುಗಳನ್ನು ಕಟ್ಟಿಹಾಕುವ ಹಗ್ಗ ಎಂದು ಅವರ ಊಹೆ. ಈ ಕಣಕ್ಕೆ ಮೀಸಾನ್ ಎಂಬ ಹೆಸರನ್ನು ಸೂಚಿಸಿದವರು ಭಾಭಾ ಅವರೇ. 1937ರಲ್ಲಿ ವಿಶ್ವಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಸುಮಾರು ಇನ್ನೂರು ಪಟ್ಟು ಭಾರವಾದ ಕಣವೊಂದು ಸಿಕ್ಕಿತು. ಯುಕಾವಾ ಹೇಳಿದ ಮೀಸಾನು ಇದೇ ಎಂದು ಎಲ್ಲರೂ ನಂಬಿದರು.

ನಂಬಿದ ಮೇಲೆ ತೊಂದರೆ ತಲೆದೋರಿತು. ಮೀಸಾನು ನ್ಯೂಕ್ಲಿಯಾನಿನೊಡನೆ ಅಷ್ಟು ಗಾಢವಾದ ನಂಟುಳ್ಳದ್ದಾದರೆ ಬೀಜಗಳಿಗೆ ಬಡಿದಾಗ ಬಹಳವಾಗಿ ಚದುರಬೇಕು. ಲೆಕ್ಕ ಹಾಗೆ ಹೇಳುತ್ತಿತ್ತು. ಮೀಸಾನಿನ ಶಕ್ತಿ ಹೆಚ್ಚಿದಷ್ಟೂ ಚದುರಿಕೆ ಇನ್ನೂ ಹೆಚ್ಚುತ್ತದೆಂದು ಹೇಳುತ್ತಿತ್ತು. ಆದರೆ ವಿಶ್ವಕಿರಣದ ಮೀಸಾನುಗಳು ದಪ್ಪನಾದ ಸೀಸದ ಹಲಗೆಗಳನ್ನೂ ಹೆಚ್ಚು ಅಡ್ಡಿಯಿಲ್ಲದೆ ದಾಟಿಹೋಗುತ್ತಿದ್ದುವು. ಸಿದ್ಧಾಂತ ಒಂದು ಕಡೆ, ಅಳತೆ ಇನ್ನೊಂದು ಕಡೆ.

ಭಾಭಾ ಈ ಗಂಟನ್ನು ಬಿಚ್ಚಲು ಹೊರಟ ರೀತಿಯನ್ನು ಗಮನವಿಟ್ಟು ನೋಡಬೇಕು. ಆವೇಶವಿಲ್ಲದ ಮೀಸಾನೊಂದು ಪ್ರೋಟಾನಿನ ಬಳಿಗೆ ಬಂದಿತೆನ್ನೋಣ. ಪ್ರೋಟಾನು ಮೊದಲು ಅದನ್ನು ನುಂಗಿ ಆಮೇಲೆ ಒಂದು ಮೀಸಾನನ್ನು ಉಗುಳಬಹುದು. ಅಥವಾ ಮೊದಲು ಉಗುಳಿ ಆಮೇಲೆ ಬಂದದ್ದನ್ನು ನುಂಗಬಹುದು. ಹೀಗೆ ಎರಡು ದಾರಿ. ನೀರಿನಲ್ಲಿ ಒಂದು ಅಲೆಯ ಏರು ಇನ್ನೊಂದರ ಇಳಿತದ ಮೇಲೆ ಬಿದ್ದಾಗ ಎರಡೂ ಅಡಗುವಂತೆ, ಈ ಎರಡು ದಾರಿಗಳ ಪರಿಣಾಮ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಚದುರಿಕೆ ಕಡಿಮೆಯಾಗುತ್ತದೆ. ಈಗ ಬಂದ ಮೀಸಾನಿಗೆ ಒಂದು ಮಾನ ಧನ ಆವೇಶವಿದೆಯೆನ್ನೋಣ. ಪ್ರೋಟಾನು ಮೊದಲು ಒಂದು ಧನ ಮೀಸಾನನ್ನು ಉಗುಳಿ ನ್ಯೂಟ್ರಾನಾಗಿ, ಆಮೇಲೆ ಬಂದದ್ದನ್ನು ನುಂಗಿ ಮತ್ತೆ ಪ್ರೋಟಾನಾಗಬಹುದು. ಆದರೆ ಮೊದಲೇ ನುಂಗುವಂತಿಲ್ಲ. ನುಂಗಿದರೆ ಅದರ ಆವೇಶ ಎರಡಾಗುತ್ತದೆ, ಎರಡು ಆವೇಶದ ನ್ಯೂಕ್ಲಿಯಾನ್ ಎಂಬುದೇ ಇಲ್ಲವಲ್ಲ! ಒಂದು ದಾರಿ ಮುಚ್ಚಿದ್ದರಿಂದ ಅಳಿಸಿಹಾಕುವ ಜೋಡಿಯೇ ಇಲ್ಲವಾಯಿತು. ಚದುರಿಕೆಯ ಲೆಕ್ಕ ಮಿತಿಮೀರಿದ್ದು ಇದರಿಂದ.

ಹಾಗಾದರೆ ಆ ದಾರಿ ನಿಜವಾಗಿಯೂ ಮುಚ್ಚಿದೆಯೆ? ಎರಡು ಆವೇಶದ ನ್ಯೂಕ್ಲಿಯಾನನ್ನು ಯಾರೂ ಕಂಡಿಲ್ಲ ಎಂಬುದೊಂದೇ ಅದಕ್ಕೆ ಆಧಾರ. ಅದು ಇರಬಹುದಲ್ಲವೆ ಎಂದು ಭಾಭಾ ಕೇಳಿದರು. ಇದ್ದರೆ ಅದು ಪ್ರೋಟಾನಿಗಿಂತ ಹೆಚ್ಚು ಶಕ್ತಿಯುಳ್ಳದ್ದು, ಆದ್ದರಿಂದ ಹೆಚ್ಚು ಭಾರವಾದದ್ದು. ಹುಟ್ಟಿದ ಕೂಡಲೇ ಮೀಸಾನನ್ನು ಉಗುಳಿ ಸಾಮಾನ್ಯ ಪ್ರೋಟಾನಾಗಿಬಿಡುವುದರಿಂದ ಕಣ್ಣಿಗೆ ಬೀಳದೆ ಹೋಗಿರಬಹುದು. ಅದೇ ತರ್ಕದಂತೆ ಇನ್ನೊಂದು ಕಡೆ, ನ್ಯೂಟ್ರಾನಿಗಿಂತ ಕೆಳಗೆ, ಒಂದು ಋಣ ಆವೇಶದ ಭಾರಕಣವೂ ಇರಬೇಕು. ಇದನ್ನು ಅವರು 1940ರಲ್ಲಿ, ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿಯೂ ಬರೆದರು. ಅವರ ಹಳೆಯ ಜೊತೆಗಾರ ಹೈಟ್ಲರ್ ಕೂಡ ಅದೇ ಸುಮಾರಿಗೆ ಬೇರೆಯಾಗಿ ಇಂಥದೇ ವಿಚಾರಕ್ಕೆ ಬಂದಿದ್ದರು.

ಹರಿಹರದ ಹರಿಹರೇಶ್ವರ ದೇವಾಲಯದಂಥ ಹಳೆಯ ಗುಡಿಯಲ್ಲಿ ಗಂಟೆ ಬಾರಿಸಿದಾಗ ಒಂದೇ ಸ್ವರ ಕೇಳುವುದಿಲ್ಲ. ಕೆಳಗೆ ಒಂದು ತುಂಬು ನಾದ, ಅದರ ಮೇಲೆ ಒಂದರ ಮೇಲೊಂದು ಚೂಪಾದ ಸ್ವರಗಳು. ಲೋಹ ಒಂದೇ, ಆಕಾರ ಒಂದೇ. ಅದು ಕಂಪಿಸುವ ಬಗೆಗಳು ಹಲವು. ನ್ಯೂಕ್ಲಿಯಾನೂ ಹಾಗೆಯೇ. ಪ್ರೋಟಾನು, ನ್ಯೂಟ್ರಾನು ಅದರ ತಳದ ಸ್ವರಗಳು. ಹೆಚ್ಚು ಶಕ್ತಿ ಕೊಟ್ಟು ಬಡಿದರೆ ಅದು ಮೇಲಿನ ಸ್ವರಗಳನ್ನು ನುಡಿಯುತ್ತದೆ. ಅವುಗಳನ್ನು ಉದ್ರಿಕ್ತ ಸ್ಥಿತಿಗಳೆಂದು ಕರೆಯುತ್ತಾರೆ. ಮೂಲಕಣವೆಂದು, ಒಡೆಯಲಾರದ ಹರಳೆಂದು ಎಲ್ಲರೂ ಭಾವಿಸಿದ್ದ ಪ್ರೋಟಾನಿಗೆ ಇಂಥ ಬೇರೆ ಸ್ಥಿತಿಗಳುಂಟೆಂದು 1940ರಲ್ಲಿ ಹೇಳುವುದಕ್ಕೆ ಸಾಮಾನ್ಯ ಧೈರ್ಯ ಸಾಲದು. ಯುದ್ಧಕಾಲ, ಬೆಂಗಳೂರಿನಲ್ಲಾಗಲಿ ಭಾರತದ ಬೇರೆಲ್ಲಾಗಲಿ ಅದನ್ನು ಪರೀಕ್ಷಿಸುವ ಯಂತ್ರವಿರಲಿಲ್ಲ. ಹೊರಗೂ ಇರಲಿಲ್ಲ.

ಬೆಂಗಳೂರಿನ ವರ್ಷಗಳು ಬೇರೆ ರೀತಿಯಲ್ಲಿಯೂ ಫಲವತ್ತಾದುವು. 1941ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಭಾಭಾ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆಗೆ ಪ್ರತ್ಯೇಕ ಘಟಕವೊಂದನ್ನು ತೆರೆದರು. ಯುದ್ಧದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಿಂದ ಹಾರುತ್ತಿದ್ದ ಅಮೆರಿಕದ ಸೇನಾ ವಿಮಾನಗಳಲ್ಲಿ ಗೈಗರ್ ಕೌಂಟರುಗಳನ್ನಿರಿಸಿ ಎತ್ತರದಲ್ಲಿ ಮೀಸಾನುಗಳನ್ನು ಎಣಿಸುವ ಏರ್ಪಾಡು ಮಾಡಿದರು. ಮುಂದೆ ಗಣಿತದಲ್ಲಿ ಜಗತ್ಪ್ರಸಿದ್ಧರಾದ ಹರೀಶ್‌ಚಂದ್ರ ಆಗ ತರುಣ ಸಂಶೋಧಕರಾಗಿ ಭಾಭಾ ಅವರೊಡನೆ ದುಡಿದರು. ವಿಕ್ರಮ್ ಸಾರಾಭಾಯಿ ಕೂಡ ಯುದ್ಧದ ಕಾರಣದಿಂದ ಕೇಂಬ್ರಿಡ್ಜನ್ನು ಬಿಟ್ಟು ಬಂದು ಅದೇ ಆವರಣದಲ್ಲಿ ರಾಮನ್ ಅವರ ಬಳಿ ಕೆಲಸ ಮಾಡುತ್ತಿದ್ದರು. ಒಂದು ಯುದ್ಧ ಯೂರೋಪಿಗೆ ಮಾಡಿದ ಹಾನಿಗೆ ಲೆಕ್ಕವಿಲ್ಲ. ಬೆಂಗಳೂರಿಗೆ ಮಾತ್ರ ಅದು ತಿಳಿಯದೆಯೇ ಒಂದು ಉಪಕಾರ ಮಾಡಿತು.

ಯುದ್ಧ ಮುಗಿದೊಡನೆ ಹೊರದೇಶದಲ್ಲಿ ಕೆಲಸ ಹಿಡಿಯಬೇಕೆಂದು ಭಾಭಾ ಮೊದಲು ಯೋಚಿಸಿದ್ದರು. ಬೆಂಗಳೂರಿನ ವಾಸ ಆ ಯೋಚನೆಯನ್ನು ನಿಧಾನವಾಗಿ ಬದಲಾಯಿಸಿತು. ಒಳ್ಳೆಯ ಸಂಶೋಧನಾಲಯ ಇಲ್ಲಿಲ್ಲವೆಂದು ಗೊಣಗುವುದಕ್ಕಿಂತ ಅದನ್ನು ಇಲ್ಲಿಯೇ ಕಟ್ಟುವುದು ತಮ್ಮ ಕರ್ತವ್ಯವೆಂದು ಅವರಿಗೆ ತೋರಿತು. 1944ರ ಮಾರ್ಚ್ 12ರಂದು ಅವರು ದೊರಾಬ್‌ಜಿ ಟಾಟಾ ದತ್ತಿಯ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಪತ್ರ ಬರೆದು, ಮೂಲವಿಜ್ಞಾನದ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದು ಕೇಳಿದರು. ಮುಂದೆ ಪರಮಾಣು ಶಕ್ತಿಯಿಂದ ವಿದ್ಯುತ್ತನ್ನು ಪಡೆಯುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಪರದೇಶಗಳ ಕಡೆ ನೋಡಬೇಕಾಗಬಾರದು ಎಂಬುದು ಆ ಪತ್ರದ ಒಂದು ಮುಖ್ಯ ವಾದ. ಹಿರೋಷಿಮಾದ ಮೇಲೆ ಬಾಂಬು ಬೀಳುವುದಕ್ಕೆ ಆಗ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿತ್ತು. ಪರಮಾಣು ಶಕ್ತಿ ಎಂಬ ಮಾತನ್ನೇ ಜನ ಕೇಳಿರಲಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಬೆಂಗಳೂರಿನಲ್ಲಿ, ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಕಣ್ಣುಬಿಟ್ಟಿತು. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು. ಅದರೊಡನೆ ಭಾಭಾ ಕೂಡ ಬೆಂಗಳೂರನ್ನು ಬಿಟ್ಟರು.

ಮುಂದಿನದು ಬಹಳ ಮಂದಿಗೆ ತಿಳಿದ ಕಥೆ. 1948ರಲ್ಲಿ ಪರಮಾಣು ಶಕ್ತಿ ಆಯೋಗ ರಚನೆಯಾಯಿತು. ಭಾಭಾ ಅದರ ಅಧ್ಯಕ್ಷರಾದರು. 1955ರಲ್ಲಿ ಜಿನೀವಾದಲ್ಲಿ ಪರಮಾಣುವಿನ ಶಾಂತಿಯುತ ಬಳಕೆಯನ್ನು ಕುರಿತು ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಕೆಲಸ ಆರಂಭಿಸಿತು. ಸೋವಿಯತ್ ದೇಶವನ್ನು ಬಿಟ್ಟರೆ ಏಷ್ಯಾದಲ್ಲಿ ಅದೇ ಮೊದಲನೆಯದು. ಕನ್ನಡ ನಾಡಿನ ನಂಟು ಮಾತ್ರ ಕಡಿಯಲಿಲ್ಲ. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು ಭಾಭಾ ಅವರ ಸಂಸ್ಥೆಯನ್ನು ಸೇರಿ, 1951ರಲ್ಲಿ ಕೋಲಾರದ ಚಿನ್ನದ ಗಣಿಯ ಆಳಕ್ಕೆ ಉಪಕರಣಗಳನ್ನು ಇಳಿಸಿ ವಿಶ್ವಕಿರಣಗಳನ್ನು ಅಳೆಯತೊಡಗಿದರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1949ರಲ್ಲಿಯೇ ಬಂದು ಸೇರಿದ್ದರು. ಭಾಭಾ ಅವರಿಗೂ ರಾಮಣ್ಣನವರಿಗೂ ಮೊದಲು ಸ್ನೇಹ ಬೆಳೆದದ್ದು ವಿಜ್ಞಾನದಿಂದಲ್ಲ, ಸಂಗೀತದಿಂದ.

ಇತ್ತ 1940ರ ಆ ಲೇಖನದ ಗತಿ ಏನಾಯಿತು? ಅದರ ಬುಡಕ್ಕೇ ಪೆಟ್ಟು ಬಿದ್ದಿತು. 1947ರಲ್ಲಿ ಇಂಗ್ಲೆಂಡಿನ ಸೆಸಿಲ್ ಪೊವೆಲ್ ಮತ್ತು ಅವರ ಜೊತೆಗಾರರು ಯುಕಾವಾ ಹೇಳಿದ ನಿಜವಾದ ಮೀಸಾನನ್ನು ಪತ್ತೆಮಾಡಿದರು. ಅದನ್ನು ಈಗ ಪಯಾನ್ ಎಂದು ಕರೆಯುತ್ತಾರೆ. ಹತ್ತು ವರ್ಷಗಳಿಂದ ಎಲ್ಲರೂ ಮೀಸಾನೆಂದು ನಂಬಿಕೊಂಡು ಬಂದಿದ್ದ ವಿಶ್ವಕಿರಣದ ಕಣ ಬೇರೆಯೇ ಆಗಿತ್ತು. ನ್ಯೂಕ್ಲಿಯಾನುಗಳನ್ನು ಕಟ್ಟುವ ಬಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ಸೀಸವನ್ನು ಸಲೀಸಾಗಿ ದಾಟಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಂದರೆ ಭಾಭಾ ಬಿಡಿಸಹೊರಟ ಒಗಟೇ ಒಗಟಾಗಿರಲಿಲ್ಲ. ಉತ್ತರವೂ ಅದರೊಡನೆ ಬಿದ್ದುಹೋಗಬೇಕಾಗಿತ್ತು.

ಬೀಳಲಿಲ್ಲ. ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಸೈಕ್ಲೋಟ್ರಾನ್ ಯಂತ್ರದಿಂದ ಪಯಾನುಗಳ ಧಾರೆ ದೊರಕಿತು. ಅದನ್ನು ಜಲಜನಕದ, ಎಂದರೆ ಪ್ರೋಟಾನುಗಳ ಮೇಲೆ ಹಾಯಿಸಿ ಚದುರಿಕೆಯನ್ನು ಅಳೆದವರು, ಹಿಂದೆ ರೋಮಿನಲ್ಲಿ ಭಾಭಾ ಅವರಿಗೆ ಆತಿಥ್ಯ ನೀಡಿದ್ದ ಅದೇ ಫರ್ಮಿ ಮತ್ತು ಅವರ ಸಂಗಡಿಗರು. ಪಯಾನಿನ ಶಕ್ತಿಯನ್ನು ಏರಿಸಿದಂತೆ ಚದುರಿಕೆ ಕಡಿದಾಗಿ ಏರಿತು. ಅದಕ್ಕಿಂತ ವಿಚಿತ್ರವೆಂದರೆ, ಧನ ಪಯಾನುಗಳು ಪ್ರೋಟಾನಿನ ಮೇಲೆ ಋಣ ಪಯಾನುಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಚದುರುತ್ತಿದ್ದುವು. ಧನ ಪಯಾನನ್ನು ನುಂಗಿದ ಪ್ರೋಟಾನು ಕ್ಷಣಕಾಲ ಎರಡು ಆವೇಶದ, ಹೆಚ್ಚು ಭಾರದ ಒಂದು ಸ್ಥಿತಿಯಲ್ಲಿ ನಿಲ್ಲುತ್ತದೆ ಎಂದಲ್ಲದೆ ಇದಕ್ಕೆ ಬೇರೆ ಅರ್ಥ ಹೇಳುವುದು ಕಷ್ಟವಾಯಿತು. 1952ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮುಂದಿನ ಕೆಲವು ವರ್ಷಗಳ ಪ್ರಯೋಗಗಳ ಅನಂತರ ಸಂದೇಹ ಉಳಿಯಲಿಲ್ಲ. ಕಣಶಾಸ್ತ್ರದ ಮಾನದಲ್ಲಿ ಪ್ರೋಟಾನಿನ ರಾಶಿ 938 ಆದರೆ ಈ ಸ್ಥಿತಿಯ ರಾಶಿ 1232. ಇದಕ್ಕೆ ಡೆಲ್ಟಾ ಎಂದು ಹೆಸರು. ಆವೇಶ ಎರಡು, ಒಂದು, ಸೊನ್ನೆ ಮತ್ತು ಒಂದು ಋಣ ಹೀಗೆ ಇದರಲ್ಲಿ ನಾಲ್ಕು ಬಗೆ. ಬೆಂಗಳೂರಿನಲ್ಲಿ ಭಾಭಾ ಹೇಳಿದ್ದ ಎರಡು ಹೊಸ ಆವೇಶಗಳೂ ಇದರಲ್ಲಿವೆ. ಇದರ ಆಯುಸ್ಸನ್ನು ಸೆಕೆಂಡುಗಳಲ್ಲಿ ಬರೆಯಬೇಕಾದರೆ ದಶಮಾಂಶ ಬಿಂದುವಿನ ಮುಂದೆ 23 ಸೊನ್ನೆಗಳನ್ನಿಟ್ಟು ಆಮೇಲೆ 5 ಎಂಬ ಅಂಕಿಯನ್ನು ಬರೆಯಬೇಕು.

ತಪ್ಪು ಆಧಾರದ ಮೇಲೆ ನಿಂತು ಸರಿಯಾದ ಉತ್ತರಕ್ಕೆ ಬಂದುದನ್ನು ಅದೃಷ್ಟವೆನ್ನಬಹುದೆ? ಪೂರ್ತಿಯಾಗಿ ಹಾಗೆನ್ನಲಾಗದು. ನುಂಗುವ, ಉಗುಳುವ ಎರಡು ದಾರಿಗಳಿಗೂ ಸಮಾನವಾದ ಎಡೆಯಿರಬೇಕೆಂಬ ಅವರ ತರ್ಕ ಗಟ್ಟಿಯಾಗಿತ್ತು. ಅದಕ್ಕೆ ಪ್ರೇರಣೆಯಾದ ಅಳತೆ ಮಾತ್ರ ಬೇರೆ ಕಣದ್ದಾಗಿತ್ತು. ಅವರು ಹೇಳಿದ್ದೆಲ್ಲವೂ ನಿಜವಾಗಲಿಲ್ಲ ಎಂಬುದನ್ನೂ ಹೇಳಬೇಕು. ಯಾವ ಪೂರ್ಣಾಂಕದ ಆವೇಶವಾದರೂ ಇರಬಹುದೆಂದು ಅವರ ಸಿದ್ಧಾಂತ ಹೇಳುತ್ತಿತ್ತು. ಮೂರು ಆವೇಶದ ಸ್ಥಿತಿ ಇಂದಿಗೂ ಸಿಕ್ಕಿಲ್ಲ. ಏಕೆಂದು 1964ರಲ್ಲಿ ಗೆಲ್‌ಮಾನ್ ಮತ್ತು ಜ್ವೈಗ್ ಅವರ ಕ್ವಾರ್ಕ್ ಸಿದ್ಧಾಂತ ಬಂದ ಮೇಲೆ ತಿಳಿಯಿತು. ನ್ಯೂಕ್ಲಿಯಾನಿನಲ್ಲಿ ಮೂರು ಕ್ವಾರ್ಕುಗಳಿವೆ. ಒಂದು ಬಗೆಯ ಕ್ವಾರ್ಕಿನ ಆವೇಶ ಮೂರರಲ್ಲಿ ಎರಡು ಭಾಗ ಧನ. ಇನ್ನೊಂದರದು ಮೂರರಲ್ಲಿ ಒಂದು ಭಾಗ ಋಣ. ಮೊದಲನೆಯ ಬಗೆಯವೇ ಮೂರೂ ಸೇರಿದರೆ ಒಟ್ಟು ಆವೇಶ ಎರಡು. ಎರಡನೆಯ ಬಗೆಯವೇ ಸೇರಿದರೆ ಒಂದು ಋಣ. ಇವುಗಳಿಂದ ಅದಕ್ಕಿಂತ ಮೇಲಕ್ಕಾಗಲಿ ಕೆಳಕ್ಕಾಗಲಿ ಹೋಗಲು ಎಡೆಯಿಲ್ಲ.

ಕ್ವಾರ್ಕ್ ಸಿದ್ಧಾಂತ ಬಂದ ಎರಡು ವರ್ಷಗಳೊಳಗೆ ಭಾಭಾ ಇಲ್ಲವಾದರು. 1966ರ ಜನವರಿ 24ರಂದು, ವಿಯೆನ್ನಾದಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಭೆಗೆ ಅವರು ಹೊರಟಿದ್ದರು. ಅವರಿದ್ದ ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿದು ಅದರಲ್ಲಿದ್ದ 117 ಮಂದಿಯೂ ಮಡಿದರು. ಭಾಭಾ ಅವರಿಗೆ ಆಗ ಐವತ್ತಾರು ವರ್ಷ. ಅವರು ಮದುವೆಯಾಗಿರಲಿಲ್ಲ. ಮುಂಬಯಿಯ ಕೊಲಾಬಾದ ಕಡಲಂಚಿನಲ್ಲಿ ಕಟ್ಟಿಸಿದ ಸಂಸ್ಥೆ, ಅಲ್ಲಿಯ ಗೋಡೆಗಳಿಗೆ ತಾವೇ ಆರಿಸಿ ತಂದ ವರ್ಣಚಿತ್ರಗಳು, ಕಡಿಯಗೊಡದೆ ಉಳಿಸಿಕೊಂಡ ಮರಗಳು, ಅವರ ಕೈಕೆಳಗೆ ಬೆಳೆದ ನೂರಾರು ವಿಜ್ಞಾನಿಗಳು ಉಳಿದರು. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.

ನ್ಯೂಕ್ಲಿಯಾನಿನ ಸ್ವರಗಳನ್ನು ಆಲಿಸುವ ಕೆಲಸ ನಿಲ್ಲಲಿಲ್ಲ. ಕ್ವಾರ್ಕುಗಳನ್ನು ಕಟ್ಟಿಹಾಕುವ ಬಲದ ನಿಯಮ 1973ರ ವೇಳೆಗೆ ಗೊತ್ತಾಯಿತು. ಆದರೆ ಆ ನಿಯಮದಿಂದ ಪ್ರೋಟಾನಿನ ರಾಶಿಯನ್ನು ಭಾಭಾ ಅವರಂತೆ ಕಾಗದದ ಮೇಲೆ ಲೆಕ್ಕ ಹಾಕುವುದು ಸಾಧ್ಯವಾಗಲಿಲ್ಲ. ಬಲ ಅಷ್ಟು ಪ್ರಚಂಡ. 1974ರಲ್ಲಿ ಅಮೆರಿಕದ ಕೆನೆತ್ ವಿಲ್ಸನ್ ಒಂದು ಉಪಾಯ ಸೂಚಿಸಿದರು. ತುಂಗಭದ್ರೆಯಲ್ಲಿ ಮೀನು ಹಿಡಿಯುವವರು ಬೀಸುವ ಬಲೆಯನ್ನು ನೆನೆದರೆ ಅದು ಅರ್ಥವಾಗುತ್ತದೆ. ಎಡೆಬಿಡದೆ ಹರಡಿರುವ ದೇಶಕಾಲಗಳ ಬದಲು ಗಂಟುಗಳೂ ಎಳೆಗಳೂ ಇರುವ ಒಂದು ಬಲೆಯನ್ನು, ಎಂದರೆ ಜಾಲಕವನ್ನು, ಕಲ್ಪಿಸಿಕೊಳ್ಳುವುದು. ಗಂಟುಗಳಲ್ಲಿ ಕ್ವಾರ್ಕುಗಳು; ಗಂಟಿನಿಂದ ಗಂಟಿಗೆ ಹೋಗುವ ಎಳೆಗಳಲ್ಲಿ ಅವನ್ನು ಬಿಗಿಯುವ ಬಲ. ಬಲೆಯ ಕಣ್ಣು ಸಣ್ಣದಾದಷ್ಟೂ ಸಣ್ಣ ಮೀನು ಸಿಕ್ಕುವಂತೆ, ಜಾಲಕ ನವುರಾದಷ್ಟೂ ಲೆಕ್ಕ ನಿಜಕ್ಕೆ ಹತ್ತಿರವಾಗುತ್ತದೆ. ಕೆಲಸ ಮಾತ್ರ ಬೆಟ್ಟದಷ್ಟು. ಮನುಷ್ಯರ ಕೈಯಲ್ಲಿ ಆಗುವಂಥದಲ್ಲ, ಮಹಾಗಣಕಯಂತ್ರಗಳೇ ಬೇಕು. 2008ರಲ್ಲಿ ಜರ್ಮನಿ, ಫ್ರಾನ್ಸ್, ಹಂಗೆರಿ ದೇಶಗಳ ಸಂಶೋಧಕರ ತಂಡವೊಂದು ಈ ವಿಧಾನದಿಂದ ಪ್ರೋಟಾನು, ಡೆಲ್ಟಾ ಮುಂತಾದ ಕಣಗಳ ರಾಶಿಯನ್ನು ಲೆಕ್ಕ ಹಾಕಿತು. ಬಂದ ಉತ್ತರಗಳು ಪ್ರಯೋಗದ ಅಳತೆಗಳೊಡನೆ ಚೆನ್ನಾಗಿ ಹೊಂದಿದುವು. ಭಾರತದಲ್ಲಿ ಈ ಬಗೆಯ ಲೆಕ್ಕಗಳು ನಡೆಯುವ ಮುಖ್ಯ ಸ್ಥಳ ಭಾಭಾ ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೇ. ಭಾರತದಲ್ಲಿಯೇ ಕಟ್ಟಿದ ಮೊದಲ ಎಲೆಕ್ಟ್ರಾನಿಕ್ ಗಣಕಗಳಲ್ಲೊಂದನ್ನು ಭಾಭಾ ಅವರ ಕಾಲದಲ್ಲಿ, 1960ರಲ್ಲಿ, ನಡೆಯಿಸಿದ್ದೂ ಅಲ್ಲಿಯೇ.

ತಳದ ಸ್ವರವನ್ನು ಹಿಡಿದಷ್ಟು ಸುಲಭವಾಗಿ ಮೇಲಿನ ಸ್ವರಗಳು ಕೈಗೆ ಸಿಗುವುದಿಲ್ಲ. ಗುಡಿಯ ಗಂಟೆಯನ್ನು ಹೊಡೆದ ಕ್ಷಣದಲ್ಲಿ ಎಲ್ಲ ಸ್ವರಗಳೂ ಒಟ್ಟಿಗೆ ಮೊಳಗುತ್ತವೆ; ಚೂಪಾದವು ಬೇಗ ಅಡಗಿ ತಳದ ನಾದವೊಂದೇ ಬಹಳ ಹೊತ್ತು ಉಳಿಯುತ್ತದೆ. ಜಾಲಕದ ಲೆಕ್ಕದಲ್ಲಿಯೂ ಹೀಗೆಯೇ. ಉದ್ರಿಕ್ತ ಸ್ಥಿತಿಗಳ ಗುರುತು ಮೊದಲ ಕೆಲವು ಹೆಜ್ಜೆಗಳಲ್ಲಿಯೇ ಅಳಿಸಿಹೋಗುತ್ತದೆ. ಆ ಅಲ್ಪಾವಧಿಯಲ್ಲಿ ಒಂದು ಸ್ವರದಿಂದ ಇನ್ನೊಂದನ್ನು ಬಿಡಿಸಿ ಕೇಳುವ ಕುಶಲತೆ ಬೇಕು. ಡೇವಿಡ್ ರೋಪರ್ ಎಂಬ ಅಮೆರಿಕದ ತರುಣ 1964ರಲ್ಲಿ ಚದುರಿಕೆಯ ಅಳತೆಗಳಲ್ಲಿ ನ್ಯೂಕ್ಲಿಯಾನಿನ ಇನ್ನೊಂದು ಸ್ಥಿತಿಯನ್ನು ಕಂಡುಹಿಡಿದರು. ಅದರ ರಾಶಿ ಸುಮಾರು 1440. ಮೂರು ಕ್ವಾರ್ಕುಗಳ ಸರಳ ಚಿತ್ರದಂತೆ ಅದು 1535 ರಾಶಿಯ ಇನ್ನೊಂದು ಸ್ಥಿತಿಗಿಂತ ಮೇಲಿರಬೇಕು, ನಿಜದಲ್ಲಿ ಕೆಳಗಿದೆ. ಜಾಲಕದ ಹಲವು ಲೆಕ್ಕಗಳೂ ಅದನ್ನು ಇರಬೇಕಾದುದಕ್ಕಿಂತ ಮೇಲೆಯೇ ತೋರಿಸಿವೆ. ಅದು ಮೂರು ಕ್ವಾರ್ಕುಗಳು ಮಾತ್ರ ನುಡಿಯುವ ಸ್ವರವೋ, ನ್ಯೂಕ್ಲಿಯಾನೂ ಅದರ ಸುತ್ತ ಹುಟ್ಟಿ ಅಳಿಯುವ ಪಯಾನುಗಳೂ ಕೂಡಿ ನುಡಿಯುವ ಸ್ವರವೋ ಎಂಬುದು ಇನ್ನೂ ಚರ್ಚೆಯಲ್ಲಿದೆ.